ಆರು ಜನರ ಏಳು ಒನಕೆ

ಕೊಪ್ಪದ ಕಡೆಯಿಂದ ಮದ್ದೂರಿನ ಗಾರ್ಮೆಂಟ್ಸಿಗೆ ಬೆಳಗ್ಗೆ ನಮ್ಮನ್ನು ತುಂಬಿಕೊಂಡು ಹೋಗುವ ವ್ಯಾನಿನಲ್ಲಿ ಕೂತವರಿಗಿಂತ ನಿಂತವರೇ ಜಾಸ್ತಿ. ಆ ಇಕ್ಕಟ್ಟಿನಲ್ಲಿ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಬುತ್ತಿ ಚೀಲ ಹಿಡಿದುಕೊಂಡು ವನಜಾ ಕಥೆ ಶುರು ಮಾಡುತ್ತಿದ್ದಳು. ಶುರು ಮಾಡಿದಳು ಅಂದರೆ ಡ್ರೈವರು ತಾನಾಗಿ ಹಾಡು ನಿಲ್ಲಿಸುತ್ತಿದ್ದ. ನಮ್ಮಲ್ಲಿ ಎಷ್ಟೋ ಜನ ನಿದ್ದೆಗಣ್ಣಲ್ಲಿ ವ್ಯಾನು ಹತ್ತಿ, ಕಥೆ ಕೇಳುತ್ತಾ ಎಚ್ಚರವಾಗಿ, ಗೇಟಿನ ಮುಂದೆ ಇಳಿಯುವಾಗ ಕಥೆ ಮುಗಿಯಲಿಲ್ಲವಲ್ಲ ಅಂತ ಗೊಣಗುತ್ತಿದ್ದೆವು.

ನಾನು ನಯನ. ಅದೇ ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಟೇಬಲ್ಲಿನ ಕೆಲಸ. ಹೊಲಿದು ಬಂದ ಕಾಲರನ್ನು ತಿರುಗಿಸಿ ಮುರುಗಿಸಿ ನೋಡಿ, ಕೆಟ್ಟಿದ್ದರೆ ವಾಪಸ್ ಎಸೆಯುವುದು ನನ್ನ ಕಸುಬು. ಮನುಷ್ಯರನ್ನೂ ಹಾಗೇ ನೋಡುವ ಚಾಳಿ ನಿನಗೆ ಅಂಟಿದೆ ಅಂತ ನನ್ನ ಗಂಡ ಹೇಳುತ್ತಾರೆ. ಇರಬಹುದು. ಆದರೆ ವನಜಾಳನ್ನು ಎಷ್ಟು ತಿರುಗಿಸಿ ನೋಡಿದರೂ ನನಗೆ ಕಾಣಿಸಿದ್ದು ಒಂದೇ ತಪ್ಪು, ಅದೂ ಒಳ್ಳೆಯತನದಲ್ಲಿ ಮಾಡಿದ್ದು. ಅದಕ್ಕೇ ಅದನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ವನಜಾಳ ತವರು ಮಳವಳ್ಳಿ ತಾಲ್ಲೂಕು, ಬ್ಲಫ್ ಅನ್ನುವ ಜಲವಿದ್ಯುತ್ ಕೇಂದ್ರದ ಪಕ್ಕದ ಹಳ್ಳಿ. ಅಪ್ಪ ಪವರ್‌ಹೌಸಿನಲ್ಲಿ ಕೆಲಸಕ್ಕಿದ್ದರು. ಹಗಲೂ ರಾತ್ರಿ ಮಿಷಿನ್ನಿನ ಸದ್ದಿರುವ ಕಡೆ ಬೆಳೆದವಳು, ಹಾಗಾಗಿ ದನಿ ಏರಿಸದೆ ಎಲ್ಲರಿಗೂ ಕೇಳಿಸುವ ಹಾಗೆ ಮಾತಾಡುವುದು ಅವಳಿಗೆ ಬರುತ್ತದೆ. ಕಥೆಗಳೆಲ್ಲ ಅವಳ ಅಜ್ಜಿ ಬೆಟ್ಟಮ್ಮನವು. ಮದುವೆಯಾಗಿ ನಮ್ಮೂರಿಗೆ ಬಂದಮೇಲೆ ಗಂಡ ಚಲುವರಾಜುವಿನ ಮನೆಯಲ್ಲಿ ಗದ್ದೆ ಇತ್ತು, ಹಸು ಇತ್ತು, ಊಟಕ್ಕೆ ಬಟ್ಟೆಗೆ ಏನೂ ಕಮ್ಮಿ ಇರಲಿಲ್ಲ. ಕಥೆ ಕೇಳುವವರು ಮಾತ್ರ ಇರಲಿಲ್ಲ. ಹೆಂಗಸು ಹೊಸಲು ದಾಟಿ ದುಡಿಯಬೇಕಾ ಅಂತ ಅತ್ತೆ ಮುಖ ಗಂಟಿಕ್ಕಿದರೂ ಇವಳು ವ್ಯಾನು ಹತ್ತಿದಳು. ಮನೆಯಲ್ಲಿ ಕೂತು ಗೋಡೆಗೆ ಕಥೆ ಹೇಳುವುದಕ್ಕಿಂತ ಇದೇ ವಾಸಿ ಅಂತ ನಗುತ್ತಿದ್ದಳು.

ನಮ್ಮ ಕಡೆ ಕಥೆ ಹೇಳಬೇಕಾದರೆ ಎದುರಿಗೆ ಒಬ್ಬರು ಹೂಂಗುಟ್ಟಬೇಕು. ಹೂಂ ಇಲ್ಲದಿದ್ದರೆ ಹೇಳುವವರಿಗೆ ಮುಂದಕ್ಕೆ ಹೋಗಲು ಆಗುವುದಿಲ್ಲ. ವನಜಾಳ ಕಥೆಗೆ ಹೂಂಗುಟ್ಟುತ್ತಿದ್ದವಳು ಮೋಹಿನಿ. ಇಬ್ಬರದೂ ಒಂದೇ ಊರು. ಮೋಹಿನಿ ಇರುವುದು ಕಾಲೋನಿಯಲ್ಲಿ. ಊರಲ್ಲಿ ಅವಳು ವನಜಾಳ ಮನೆಯ ಜಗುಲಿಯ ತನಕ ಬಂದಿದ್ದಾಳೆ, ಒಳಗೆ ಕಾಲಿಟ್ಟವಳಲ್ಲ. ವನಜಾ ಕಾಲೋನಿಯ ಕಡೆ ಹೋದವಳೂ ಅಲ್ಲ. ಆದರೆ ಗಾರ್ಮೆಂಟ್ಸಿನಲ್ಲಿ ಇಬ್ಬರದೂ ಅಕ್ಕಪಕ್ಕದ ಮಿಷಿನ್ನು, ಮಧ್ಯಾಹ್ನ ಇಬ್ಬರದೂ ಒಂದೇ ಬುತ್ತಿ. ಮೋಹಿನಿ ವನಜಾಳ ಡಬ್ಬಿಗೆ ಕೈ ಹಾಕಿ ಮುದ್ದೆ ಮುರಿದು, ಉಪ್ಪು ಸಾಲದು ಅಂತ ಮುಖದ ಮೇಲೇ ಹೇಳಿ, ಪೂರ್ತಿ ತಿಂದು ಮುಗಿಸುತ್ತಿದ್ದಳು. ಊರು ಮಾಡದ ಕೆಲಸವನ್ನು ಒಂದು ಕಾರ್ಖಾನೆ ಮಾಡಿತಲ್ಲ ಅಂತ ನಾನೇ ಒಂದು ಕಾಲದಲ್ಲಿ ಅಂದುಕೊಂಡಿದ್ದೆ.

ಕಾಲರ್ ಅಂಚು ಹೊಲಿಯುವುದಕ್ಕೆ ನಮ್ಮ ಲೈನಿನಲ್ಲಿ ಏಳು ಮಿಷಿನ್ನು. ಏಳು ಜನದ್ದೂ ಒಂದೇ ಕೆಲಸ. ಗಂಟೆಗೊಮ್ಮೆ ಸೂಪರ್‌ವೈಸರ್ ದೇವರಾಜು ಬಂದು ಯಾರು ಎಷ್ಟು ಪೀಸು ಹೊಲಿದರು ಅಂತ ಬೋರ್ಡಿನ ಮೇಲೆ ಬರೆಯುತ್ತಾನೆ. ಹೋದ ವರ್ಷ ಮೋಹಿನಿಯ ತೋರುಬೆರಳಿಗೆ ಸೂಜಿ ಹೊಕ್ಕಿತು. ಗಾಯ ಮಾಯಿತು, ಬೆರಳು ಮಾತ್ರ ಮೊದಲಿನ ಹಾಗೆ ಮಡಚಲಿಲ್ಲ. ಬೆಳಗ್ಗೆ ಹೇಗೋ ನಡೆಯುತ್ತಿತ್ತು. ಮಧ್ಯಾಹ್ನದ ಮೇಲೆ ಬೆರಳು ಸೆಟೆದುಕೊಂಡು ಕಾಲರಿನ ಮೂಲೆ ಹಿಡಿಯಲು ಆಗುತ್ತಿರಲಿಲ್ಲ. ಅವಳ ಮಗಳು ದೀಪಿಕ ಮಂಡ್ಯದಲ್ಲಿ ನರ್ಸಿಂಗ್ ಓದುತ್ತಿದ್ದಳು. ಆ ಓದು ನಡೆಯುತ್ತಿದ್ದುದು ಈ ಒಂದು ಮಿಷಿನ್ನಿನಿಂದ ಅಂತ ಲೈನಿಗೆಲ್ಲ ಗೊತ್ತಿತ್ತು.

ಆವತ್ತಿನಿಂದ ಉಳಿದ ಆರು ಜನ ತಾವು ಹೊಲಿದ ಪೀಸುಗಳಲ್ಲಿ ಒಂದಷ್ಟನ್ನು ಮೋಹಿನಿಯ ಬಂಡಲಿಗೆ ಸೇರಿಸತೊಡಗಿದರು. ಇದನ್ನು ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ನಮ್ಮ ಕಡೆ ನಾಟಿ ಹಾಕುವಾಗ ಹೆಂಗಸರು ಸಾಲಾಗಿ ಬಗ್ಗಿ ಹಿಂದಕ್ಕೆ ಹಿಂದಕ್ಕೆ ಬರುತ್ತಾರೆ. ಒಬ್ಬಳಿಗೆ ಸೊಂಟ ಹಿಡಿದುಕೊಂಡರೆ ಎಡಬಲದವರು ಕೈ ಚಾಚಿ ಅವಳ ಪಾಲಿನ ಪೈರನ್ನೂ ಊರುತ್ತಾರೆ. ಬದುವಿನ ಮೇಲೆ ಕೊಡೆ ಹಿಡಿದು ನಿಂತ ಗದ್ದೆಯವನಿಗೆ ಸಾಲು ನೆಟ್ಟಗೆ ಕಾಣಿಸುತ್ತದೆ, ಅಷ್ಟೇ. ಅವನಿಗೆ ಯಾರೂ ಹೇಳುವುದಿಲ್ಲ. ಹೇಳಬಾರದು ಅಂತ ಯಾರೂ ಕಲಿಸಿಯೂ ಇರುವುದಿಲ್ಲ. ದೇವರಾಜುವಿಗೆ ವಿಷಯ ಗೊತ್ತಿತ್ತು. ಬೋರ್ಡು ತುಂಬಿದರೆ ಅವನಿಗೆ ಸಾಕಾಗಿತ್ತು, ಬೆನ್ನು ತಿರುಗಿಸಿ ನಿಲ್ಲುತ್ತಿದ್ದ.

ಹೀಗಿರುವಾಗ ಮಂಡ್ಯದಿಂದ ಶಶಿಧರ್ ಅನ್ನುವವರು ತರಬೇತಿ ಕೊಡಲು ಬಂದರು. ಜನಪದ ಕಥೆಗಳಿಂದ ಮ್ಯಾನೇಜ್‌ಮೆಂಟ್ ಪಾಠ ಹೇಳುವುದು ಅವರ ವೃತ್ತಿ. ಕಾಲರಿಗೆ ಸಣ್ಣ ಮೈಕು, ಬಿಳಿ ಶರ್ಟು, ಎಲ್ಲರಿಗೂ ಮೇಡಂ ಮೇಡಂ ಅನ್ನುವ ನಯವಾದ ಮನುಷ್ಯ. ಅವರನ್ನು ಕೆಟ್ಟವರು ಅಂತ ಹೇಳಿದರೆ ನನ್ನ ಬಾಯಿಗೆ ಹುಳ ಬೀಳಲಿ. ಕ್ಯಾಂಟೀನಿನ ಮೇಜುಗಳನ್ನು ಪಕ್ಕಕ್ಕೆ ಸರಿಸಿ ನಮ್ಮನ್ನೆಲ್ಲ ನೆಲದ ಮೇಲೆ ಕೂರಿಸಿದರು. ಹಿಂದೆ ಕುರ್ಚಿ ಹಾಕಿಕೊಂಡು ಪ್ರೊಡಕ್ಷನ್ ಮ್ಯಾನೇಜರು ಕೂತರು. ಇದು ನಿಮ್ಮ ಹಬ್ಬ, ನಿಮ್ಮ ಅಜ್ಜಿ ಹೇಳಿದ ಕಥೆಗಳನ್ನು ನೀವೇ ಹೇಳಿ, ಪಾಠ ನಾವೆಲ್ಲ ಸೇರಿ ಹುಡುಕೋಣ ಅಂತ ಶಶಿಧರ್ ಕರೆದರು. ಎಲ್ಲರ ಕಣ್ಣೂ ವನಜಾಳ ಕಡೆ ತಿರುಗಿತು.

ಅವಳು ಎದ್ದಳು, ನಾಚಿಕೊಂಡಳು, ಸೆರಗು ಸರಿ ಮಾಡಿಕೊಂಡಳು, ಒಂದು ವಾಕ್ಯ ಹೇಳಿ ನಿಂತುಬಿಟ್ಟಳು. ಶಶಿಧರ್ ಗಾಬರಿಯಾಗಿ, ಪರವಾಗಿಲ್ಲ ಮೇಡಂ, ಧೈರ್ಯವಾಗಿ ಹೇಳಿ ಅಂದರು. ಧೈರ್ಯದ ಮಾತಲ್ಲ ಅದು. ಆ ಸಭೆಯಲ್ಲಿ ಹೂಂ ಅನ್ನುವವರು ಯಾರೂ ಇರಲಿಲ್ಲ. ಹಿಂದಿನ ಸಾಲಿನಿಂದ ಮೋಹಿನಿ ಹೂಂ ಅಂದಳು. ಆಮೇಲೆ ಕಥೆ ಸರಾಗವಾಗಿ ಹರಿಯಿತು.

ಕಥೆ ಇದು. ಒಂದು ಮನೆಯಲ್ಲಿ ಕಣ್ಣು ಕಾಣದ ಅತ್ತೆ, ಏಳು ಜನ ಸೊಸೆಯರು. ಸೊಸೆಯರು ಹಿತ್ತಿಲಲ್ಲಿ ಭತ್ತ ಕುಟ್ಟುತ್ತಾರೆ, ಅತ್ತೆ ನಡುಮನೆಯಲ್ಲಿ ಕೂತು ಒನಕೆಯ ಸದ್ದು ಎಣಿಸುತ್ತಾಳೆ. ಏಳು ಸದ್ದು ಬಂದರೆ ಏಳು ಜನಕ್ಕೆ ಊಟ. ಒಂದು ಸದ್ದು ಕಮ್ಮಿಯಾದರೆ ಒಂದು ತಟ್ಟೆ ಕಮ್ಮಿ. ಕಿರಿ ಸೊಸೆ ಬಾಣಂತಿ, ಒನಕೆ ಎತ್ತಲು ತ್ರಾಣವಿಲ್ಲ. ಆಗ ಉಳಿದ ಆರು ಜನ ಸರದಿಯ ಮೇಲೆ ಒಬ್ಬೊಬ್ಬರೂ ಒಂದು ಏಟು ಹೆಚ್ಚಿಗೆ ಹಾಕಿ ಏಳನೇ ಸದ್ದನ್ನೂ ತಾವೇ ಹೊರಡಿಸಿದರು. ಕಿರಿಯವಳು ಒರಳಿನ ಪಕ್ಕದಲ್ಲೇ ಕೂತು ಮಗುವಿಗೆ ಹಾಲು ಕುಡಿಸಿದಳು. ಅತ್ತೆ ಬೆರಳ ಗೆಣ್ಣಿನಲ್ಲಿ ಎಣಿಸಿ, ಎಲ್ಲರೂ ಇದ್ದಾರೆ ಅಂತ ಸಮಾಧಾನವಾಗಿ ಎಲೆ ಅಡಿಕೆ ಹಾಕಿಕೊಂಡಳು.

ಇಲ್ಲಿಗೆ ಬರುವಷ್ಟರಲ್ಲಿ ಶಶಿಧರ್‌ಗೆ ತಡೆಯಲಾಗಲಿಲ್ಲ. ಚಪ್ಪಾಳೆ ತಟ್ಟಿಬಿಟ್ಟರು. ಅವರ ಕಣ್ಣಲ್ಲಿ ನೀರೂ ಬಂದಿತ್ತು, ನಾನು ನೋಡಿದೆ. ಟೀಮ್ ಅಂದರೆ ಇದು ಅಂದರು. ಬಿಳಿ ಬೋರ್ಡಿನ ಮೇಲೆ ಹೊಂದಾಣಿಕೆ ಅಂತ ಬರೆದರು, ನಂಬಿಕೆ ಅಂತ ಬರೆದರು. ಕೊನೆಗೆ ಅಡಗಿರುವ ಸಾಮರ್ಥ್ಯ ಅಂತ ಬರೆದು ಅದರ ಕೆಳಗೆ ಎರಡು ಗೆರೆ ಎಳೆದರು. ಕಥೆ ಇನ್ನೂ ಅದೆ ಸಾರ್ ಅಂತ ವನಜಾ ಹೇಳಿದಳು. ಟೀ ಬಂದಿತ್ತು. ಪಾಠಕ್ಕೆ ಇಷ್ಟು ಸಾಕು ಮೇಡಂ ಅಂದರು.

ಪಾಠಕ್ಕೆ ಅಷ್ಟು ಸಾಕಿತ್ತು, ನಮಗೆ ಸಾಲದಿತ್ತು. ಮಿಕ್ಕ ಕಥೆಯನ್ನು ನಾವು ವ್ಯಾನಿನಲ್ಲಿ ಕೇಳಿದ್ದೆವು. ನಡುವಿನ ಸೊಸೆಯೊಬ್ಬಳು ಬಾವಿಯ ಹತ್ತಿರ, ನಮ್ಮನೆಯಲ್ಲಿ ಹೀಗೆ ಮಾಡುತ್ತೀವಿ ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಾಳೆ. ಮಾತು ಅತ್ತೆಯ ಕಿವಿಗೆ ಬೀಳುತ್ತದೆ. ಆರು ಜನದಲ್ಲಿ ಆಗುವ ಕೆಲಸಕ್ಕೆ ಏಳನೇ ಹೊಟ್ಟೆ ಯಾಕೆ ಅಂತ ಅತ್ತೆ ಕಿರಿಯವಳನ್ನು ತವರಿಗೆ ಅಟ್ಟುತ್ತಾಳೆ. ಮಾರನೇ ದಿನ ಹಿತ್ತಿಲಲ್ಲಿ ಆರೇ ಸದ್ದು. ಏಳನೆಯದು ಎಲ್ಲಿ ಅಂತ ಅತ್ತೆ ಕೂಗಿದರೆ ಹಿರಿ ಸೊಸೆ ಹೇಳುತ್ತಾಳೆ: "ಅವಳ್ನ ನೀವು ಕಳ್ಸುದ್ರಿ ಅತ್ತೆ, ಅವಳ ಸದ್ದೂ ಅವಳ ಜೊತೆಗೇ ಓಯ್ತು." ಎಷ್ಟು ಬೈದರೂ ಆ ಆರು ಜನ ಏಳನೇ ಏಟು ಹಾಕುವುದಿಲ್ಲ. ಮನೆಗೆ ಅಕ್ಕಿ ಸಾಲದೆ ಹೋಗಿ, ಅತ್ತೆ ತಾನೇ ಕೋಲೂರಿಕೊಂಡು ಹೋಗಿ ಕಿರಿಯವಳನ್ನು ಕರೆತರುತ್ತಾಳೆ.

ಟೀ ಕುಡಿದಮೇಲೆ ಶಶಿಧರ್, ಇಂಥ ಒನಕೆ ನಿಮ್ಮ ಲೈನಿನಲ್ಲೂ ಇದೆಯಾ ಅಂತ ಕೇಳಿದರು. ವನಜಾ ಇನ್ನೂ ಕಥೆಯ ಗುಂಗಿನಲ್ಲಿದ್ದಳು. ಮೈಕು ಸಿಕ್ಕಿಸಿಕೊಂಡ ಒಬ್ಬ ಮನುಷ್ಯ ತನ್ನನ್ನು ಮೇಡಂ ಅಂತ ಕರೆದು, ತನ್ನಜ್ಜಿಯ ಕಥೆಗೆ ಕಣ್ಣೀರು ಹಾಕಿದ್ದು ಅವಳ ಜೀವಮಾನದಲ್ಲಿ ಅದೇ ಮೊದಲು. ಅವಳು ಎದ್ದು ನಿಂತು ಹೇಳಿದಳು:

"ನಮ್ಮ ಲೈನಲ್ಲೂ ಅಂಗೇ ಮಾಡ್ತೀವಿ ಸಾರ್. ಮೋಹಿನಿಗೆ ಬೆರಳು ನೋವು ಬಂದ್ರೆ ಅವಳ ಪೀಸ್ನೂ ನಾವೇ ಹೊಲ್ದು ಆಕ್ತೀವಿ. ಟಾರ್ಗೆಟ್ ಒಂದು ದಿನಾನೂ ಕಮ್ಮಿಯಾಗಿಲ್ಲ."

ಸಭೆ ಚಪ್ಪಾಳೆ ತಟ್ಟಿತು. ಹಿಂದೆ ಮ್ಯಾನೇಜರೂ ತಟ್ಟಿದರು. ಕಥೆಯ ಎರಡನೇ ಭಾಗ ಗೊತ್ತಿದ್ದವಳು, ನೂರು ಸಲ ಹೇಳಿದ್ದವಳು, ಬಾವಿಕಟ್ಟೆಯ ಸೊಸೆ ಆಡಿದ ಮಾತನ್ನೇ ಆಡಿ ನಗುತ್ತಾ ಕೂತಳು. ಕಥೆ ಹೇಳುವವರಿಗೆ ಅದು ಕಥೆಯಾಗಿಯೇ ಉಳಿದುಬಿಡುತ್ತದೋ ಏನೋ. ಸಂಜೆ ವ್ಯಾನಿನಲ್ಲಿ ಮೋಹಿನಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ, ಬಾಯಿ ಬಿಡೋಕೆ ಮುಂಚೆ ನನ್ನನ್ನು ಒಂದು ಮಾತು ಕೇಳಬಹುದಿತ್ತು ಅಕ್ಕ ಅಂದಳು. ಆಗ ವನಜಾಳ ಮುಖದ ನಗು ಇಳಿಯಿತು. ಆವತ್ತು ಕಥೆ ಇರಲಿಲ್ಲ.

ಮುಂದಿನ ವಾರ ವಾಚು ಹಿಡಿದ ಒಬ್ಬ ಎಂಜಿನಿಯರ್ ನಮ್ಮ ಲೈನಿನ ತುದಿಯಲ್ಲಿ ನಿಂತ. ಸುಮ್ಮನೆ ನಿಂತು ನೋಡುತ್ತಾನೆ, ಬರೆದುಕೊಳ್ಳುತ್ತಾನೆ. ಮೋಹಿನಿಗೆ ಕೈ ಜೋಡಿಸದೆ ಬಿಟ್ಟರೆ ಅವಳು ನಿಧಾನ ಅಂತ ಗೊತ್ತಾಗುತ್ತದೆ. ಕೈ ಜೋಡಿಸಿದರೆ ಆರು ಜನ ಸಾಕು ಅಂತ ಗೊತ್ತಾಗುತ್ತದೆ. ಹೇಗೆ ಮಾಡಿದರೂ ಹೋಗುವುದು ಮೋಹಿನಿಯ ಮಿಷಿನ್ನೇ. ಯಾರೂ ಮುಟ್ಟಬೇಡಿ, ಅವಳೇ ಹೇಗಾದರೂ ಎಳೆಯಲಿ ಅಂತ ವನಜಾ ಎಲ್ಲರಿಗೂ ಹೇಳಿದಳು. ಮೋಹಿನಿ ಹಲ್ಲು ಕಚ್ಚಿ ಊಟದ ಹೊತ್ತಿನ ತನಕ ಎಲ್ಲರಿಗೂ ಸಮವಾಗಿ ಹೊಲಿದಳು. ಆಮೇಲೆ ಬೆರಳು ಸೆಟೆಯಿತು. ಅವಳ ಮುಂದೆ ಕಾಲರುಗಳ ಗುಡ್ಡೆ ಬೆಳೆಯುತ್ತಾ ಹೋಯಿತು. ನೋಡಿ ನೋಡಿ ತಡೆಯಲಾರದೆ ಮೊದಲು ಕೈ ಚಾಚಿದವಳು ಯಾರು ಅಂದರೆ ವನಜಾಳೇ. ಅವಳ ಕೈ ಅವಳ ಮಾತು ಕೇಳಲಿಲ್ಲ. ಎಂಜಿನಿಯರ್ ಅದನ್ನೂ ಬರೆದುಕೊಂಡ.

ಮೋಹಿನಿಯನ್ನು ಆಫೀಸಿಗೆ ಕರೆಸಿದರು. ತೆಗೆದುಹಾಕಿದ್ದೀವಿ ಅಂತ ಯಾರೂ ಹೇಳಲಿಲ್ಲ. ತಾನಾಗಿ ಬಿಡುತ್ತಿದ್ದೇನೆ ಅಂತ ಬರೆಸಿಕೊಂಡರು. ವನಜಾ ಮಿಷಿನ್ ಬಿಟ್ಟೆದ್ದು ಮ್ಯಾನೇಜರ ಹತ್ತಿರ ಹೋದಳು. ಧೈರ್ಯಕ್ಕೆ ನನ್ನನ್ನೂ ಎಳೆದುಕೊಂಡು ಹೋದಳು. ಆವತ್ತು ಸಭೆಯಲ್ಲಿ ಹೇಳಿದ್ದೆಲ್ಲ ಸುಳ್ಳು, ಹೊಗಳಿಸಿಕೊಳ್ಳಲು ಹೇಳಿದ್ದು ಅಂದಳು. ಅವರು ನಂಬಲಿಲ್ಲ. ಹಾಗಾದರೆ ನನ್ನನ್ನೇ ತೆಗೆಯಿರಿ, ನನಗೆ ಗದ್ದೆ ಇದೆ, ಅವಳಿಗೆ ಇದೊಂದೇ ಅಂದಳು. ಅವರು ಕುರ್ಚಿ ತೋರಿಸಿ ಕೂರಿಸಿದರು, ದನಿ ಏರಿಸಲಿಲ್ಲ.

"ನಿಮ್ಮಂಥವರು ನಮಗೆ ಬೇಕಮ್ಮ. ಆದ್ರೆ ಆರು ಜನದಲ್ಲಿ ಆಗೋ ಕೆಲಸಕ್ಕೆ ಏಳನೆಯವರು ಯಾಕೆ? ನೀವೇ ಹೇಳಿದ ಕಥೆ ಅಲ್ವಾ ಇದು?"

ಬೆಟ್ಟಮ್ಮಜ್ಜಿಯ ಕಥೆಯ ಎರಡನೇ ಭಾಗವನ್ನು ಆ ಮನುಷ್ಯ ಕೇಳಿಯೇ ಇರಲಿಲ್ಲ. ಆದರೂ ಅತ್ತೆಯ ಮಾತು ಅವರ ಬಾಯಿಂದ ಹೊಟ್ಟೆ ಅನ್ನುವ ಮಾತೊಂದು ಬಿಟ್ಟರೆ ಹಾಗೇ ಬಂತು. ನನಗೆ ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆಯಾಯಿತು.

ವನಜಾ ಶಶಿಧರ್‌ಗೆ ಫೋನು ಮಾಡಿದಳು. ಅವರಿಗೆ ನಿಜವಾಗಿಯೂ ಬೇಜಾರಾಯಿತು. ನಾನು ಆ ಅರ್ಥದಲ್ಲಿ ಹೇಳಿರಲಿಲ್ಲ ಮೇಡಂ, ಮಾತಾಡುತ್ತೇನೆ ಅಂದರು. ಮಾತಾಡಿದರೋ ಇಲ್ಲವೋ ನಮಗೆ ಗೊತ್ತಿಲ್ಲ, ಆಮೇಲೆ ಅವರ ಫೋನು ಬಡಿದುಕೊಳ್ಳುತ್ತಿತ್ತೇ ಹೊರತು ಅವರು ಎತ್ತಲಿಲ್ಲ. ಸ್ವಲ್ಪ ದಿನಕ್ಕೆ ಅವರದೊಂದು ವೀಡಿಯೊ ನಮ್ಮ ಫೋನುಗಳಿಗೆ ಬಂತು. ಮಂಡ್ಯದ ಯಾವುದೋ ಸಭಾಂಗಣದಲ್ಲಿ ನಿಂತು ಏಳು ಸೊಸೆಯರ ಕಥೆ ಹೇಳುತ್ತಿದ್ದಾರೆ. ಸೊಗಸಾಗಿ ಹೇಳುತ್ತಾರೆ, ಒನಕೆಯ ಸದ್ದನ್ನು ಬಾಯಲ್ಲೇ ಮಾಡುತ್ತಾರೆ. ಅತ್ತೆ ಎಲೆ ಅಡಿಕೆ ಹಾಕಿಕೊಳ್ಳುವಲ್ಲಿಗೆ ಕಥೆ ನಿಲ್ಲುತ್ತದೆ, ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ನಮ್ಮ ಕ್ಯಾಂಟೀನಿನ ಗೋಡೆಗೂ ಒಂದು ಚಿತ್ರ ಬಂತು. ಏಳು ಜನ ಹೆಂಗಸರು ಒಂದೇ ಒರಳಿಗೆ ಒನಕೆ ಎತ್ತಿದ್ದಾರೆ, ಕೆಳಗೆ ನಾವೆಲ್ಲ ಒಂದೇ ಮನೆ ಅಂತ ಬರೆದಿದೆ. ಅದರ ಕೆಳಗೇ ಕೂತು ಮುದ್ದೆ ಮುರಿಯುವುದು ನಮ್ಮ ಹಣೆಬರಹ.

ವನಜಾ ಸುಮ್ಮನೆ ಕೂರಲಿಲ್ಲ, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ವ್ಯಾನಿನಲ್ಲಿ ಲೈನಿನ ಉಳಿದ ಐದು ಜನರನ್ನೂ ಕೂರಿಸಿಕೊಂಡು, ಇನ್ನು ನಮ್ಮ ನಮ್ಮ ಪಾಲು ಮಾತ್ರ ಹೊಲಿಯೋಣ, ಮೋಹಿನಿಯ ಪಾಲು ಬೋರ್ಡಿನಲ್ಲಿ ಖಾಲಿ ಬಿದ್ದಿರಲಿ ಅಂದಳು. ಎಲ್ಲರೂ ತಲೆಯಾಡಿಸಿದರು. ಮೊದಲ ದಿನ ಹಾಗೇ ನಡೆಯಿತು. ಟಾರ್ಗೆಟ್ ಮುಟ್ಟಲಿಲ್ಲ. ದೇವರಾಜು ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಬೇಡಿಕೊಂಡ. ಎರಡನೇ ದಿನ ಮ್ಯಾನೇಜರು ಬಂದು ಲೈನಿನ ಹಿಂದೆ ಕೈಕಟ್ಟಿ ನಿಂತರು. ಬೈಯಲಿಲ್ಲ. ಒಬ್ಬೊಬ್ಬರ ಬೆನ್ನ ಹಿಂದೆ ಸ್ವಲ್ಪ ಹೊತ್ತು ನಿಂತು ಮುಂದಕ್ಕೆ ಹೋದರು. ಐದು ಜನದ ಮನೆಯಲ್ಲೂ ಒಂದೊಂದು ಕಷ್ಟವಿತ್ತು, ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಸಂಜೆಯ ಹೊತ್ತಿಗೆ ಒಂದು ಮಿಷಿನ್ನು ಜೋರಾಯಿತು, ಪಕ್ಕದ್ದೂ ಜೋರಾಯಿತು. ನಾನು ಚೆಕಿಂಗ್ ಟೇಬಲ್ಲಿನಲ್ಲಿ ಕೂತು ಕಾಲರಿನ ರಾಶಿ ಬೆಳೆಯುವುದನ್ನು ನೋಡುತ್ತಿದ್ದೆ. ಎಲ್ಲರಿಗಿಂತ ಕೊನೆಗೆ ಸೋತವಳು ವನಜಾ. ತಾನೊಬ್ಬಳೇ ನಿಧಾನ ಮಾಡಿದರೆ ತನ್ನ ಪಾಲೂ ಆ ಐದು ಜನದ ತಲೆಗೇ ಬೀಳುತ್ತದೆ ಅಂತ ಅವಳಿಗೆ ಹೊಳೆದ ದಿನ ಅವಳೂ ಪೆಡಲ್ ಒತ್ತಿದಳು.

ಆ ತಿಂಗಳು ನಮ್ಮ ಲೈನಿಗೆ ಬಹುಮಾನ ಬಂತು, ಆರು ಜನಕ್ಕೂ ಒಂದೊಂದು ಸ್ಟೀಲ್ ಡಬ್ಬಿ. ವನಜಾ ತನ್ನದನ್ನು ವ್ಯಾನಿನ ಸೀಟಿನ ಕೆಳಗೆ ಬಿಟ್ಟು ಇಳಿದಳು. ಡ್ರೈವರು ಮರೆತಿದ್ದಾಳೆ ಅಂದುಕೊಂಡು ಮಾರನೇ ದಿನ ಜೋಪಾನವಾಗಿ ಕೈಗೆ ಕೊಟ್ಟ.

ಒಂದು ಭಾನುವಾರ ವನಜಾ ನನ್ನನ್ನು ಕರೆದುಕೊಂಡು ಮೋಹಿನಿಯ ಮನೆಗೆ ಹೋದಳು. ಮದುವೆಯಾಗಿ ಬಂದಾಗಿನಿಂದ ಅವಳು ಕಾಲೋನಿಗೆ ಕಾಲಿಟ್ಟಿದ್ದು ಅದೇ ಮೊದಲು. ಬೀದಿಯ ಜನ ಕತ್ತು ಉದ್ದ ಮಾಡಿ ನೋಡಿದರು. ಬಾಗಿಲಲ್ಲಿ ದೀಪಿಕ ಎದುರಾದಳು. ಮಂಡ್ಯದ ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ಬಿಡಿಸಿ ತೋರಿಸುವ ಹುಡುಗಿಯರು ಉಡುವ ಒಂದೇ ಬಣ್ಣದ ಸೀರೆ ಉಟ್ಟಿದ್ದಳು. ನರ್ಸಿಂಗ್ ಏನಾಯಿತು ಅಂತ ನಾವು ಕೇಳಲಿಲ್ಲ, ಕೇಳುವುದು ಏನೂ ಉಳಿದಿರಲಿಲ್ಲ. ಬನ್ನಿ ಅತ್ತೆ, ಕೂತ್ಕೊಳಿ ಅಂತ ಹೇಳಿ, ಬಸ್ಸಿಗೆ ಹೊತ್ತಾಯಿತು ಅಂತ ಹೊರಟಳು.

ಮೋಹಿನಿ ಕುರ್ಚಿ ಹಾಕಿದಳು, ಕಾಫಿ ತಂದಳು. ಬುದ್ಧನ ಪಟದ ಕೆಳಗೆ ಗೋಡೆಗೊರಗಿ ನೆಲದ ಮೇಲೆ ಕೂತಳು. ವನಜಾಳೂ ಕುರ್ಚಿ ಬಿಟ್ಟು ಇಳಿದು ಅವಳೆದುರು ನೆಲದ ಮೇಲೇ ಕೂತು ಕಾಫಿ ಕುಡಿದಳು. ಈಗ ಮೋಹಿನಿ ಗದ್ದೆ ಕೂಲಿಗೆ ಹೋಗುತ್ತಿದ್ದಾಳೆ. ಕಳೆ ಕೀಳುವುದಕ್ಕೆ ಬೆರಳು ಹೇಗೋ ಆಗುತ್ತದೆ, ಕುಡುಗೋಲು ಹಿಡಿಯಲು ಆಗುವುದಿಲ್ಲ ಅಂತ ತಾನಾಗಿ ಹೇಳಿದಳು. ವನಜಾ ಏನೇನೋ ಹೇಳಬೇಕು ಅಂತ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ನನ್ನಿಂದ ಹಿಂಗಾಯ್ತು ಕಣಮ್ಮಿ ಅನ್ನುವಷ್ಟರಲ್ಲಿ ಮೋಹಿನಿ ತಡೆದಳು.

"ಕಥೆ ಹೇಳಿದ್ದಕ್ಕೆ ನಂಗೆ ಕ್ವಾಪ ಇಲ್ಲ ಕಣಕ್ಕ. ಒಂದು ಕೇಳ್ತೀನಿ, ಸುಳ್ಳಾಡ್ಬೇಡ. ಈಗ ನಮ್ಮ ಲೈನಲ್ಲಿ ಟಾರ್ಗೆಟ್ ಬತ್ತಾ ಅದಾ?"

ವನಜಾ ನನ್ನ ಮುಖ ನೋಡಿದಳು. ನಾನು ಕಾಫಿಯ ಲೋಟ ನೋಡುತ್ತಿದ್ದೆ.

"ಬತ್ತದೆ," ಅಂದಳು.

"ಆರೇ ಜನಕ್ಕಾ?"

"ಊಂ."

ಮೋಹಿನಿಯ ಮುಖದಲ್ಲಿ ಸಿಟ್ಟು ಇದ್ದಿದ್ದರೆ ನಮಗೆ ಎಷ್ಟೋ ಸಲೀಸಾಗುತ್ತಿತ್ತು. ನಮ್ಮ ಲೋಟಗಳನ್ನು ಎತ್ತಿಕೊಂಡು ಏಳುತ್ತಾ, ಲೆಕ್ಕ ಒಪ್ಪಿಸುವವಳ ಹಾಗೆ ಹೇಳಿದಳು:

"ಅಂಗಾದ್ರೆ ನನ್ನ ತೆಗೆದಿದ್ದು ಸರಿಯಾಗೇ ಅದೆ ಬುಡಕ್ಕ."